ಒಲೆ ಯಾರು ಆರಿಸುತ್ತಾರೆ?

ಅಕ್ಟೋಬರ್ 14, ಮಂಗಳವಾರ, ಸಂಜೆ 6.20. ಆಶ್‌ಬರ್ನ್.

ಕಳೆದ ತಿಂಗಳು ಅಕ್ಕನ ಮಗಳು ಅನ್ವಿಯ ಎರಡನೇ ತರಗತಿಯವರು ಹತ್ತಿರದ ಫೈರ್ ಸ್ಟೇಷನ್ ನೋಡಲು ಹೋದರು. ಮಕ್ಕಳನ್ನು ಕಾಯಲು ಹೋದ ದೊಡ್ಡವರಲ್ಲಿ ನಾನೂ ಒಬ್ಬಳು. ಕೆಲಸ ಹುಡುಕುತ್ತಾ ಪರದೇಶದಲ್ಲಿ ಅಕ್ಕನ ಮನೆಯಲ್ಲಿರುವವಳಿಗೆ ಇಂಥ ಹುದ್ದೆಗಳು ಅರ್ಜಿ ಹಾಕದೆಯೇ ಸಿಗುತ್ತವೆ. ಒಂದು ಗಂಟೆ ಹತ್ತು ನಿಮಿಷದಲ್ಲಿ ಇಪ್ಪತ್ತೆರಡು ತಲೆಗಳನ್ನು ಹದಿನೇಳು ಸಲ ಎಣಿಸಿದೆ. ಎರಡು ಸಲ ಇಪ್ಪತ್ಮೂರು ಬಂತು. ಅಲ್ಲಿ ಏನು ನೋಡಿದಿರಿ ಎಂದು ಕೇಳಿದರೆ, ಕೆಂಪಗೆ ದೊಡ್ಡದೇನೋ ಇತ್ತು ಎನ್ನಬಲ್ಲೆ, ಅಷ್ಟೆ.

ಅನ್ವಿ ಮಾತ್ರ ನೋಡಿದ್ದಳು. ಅವಳ ಟೀಚರ್ ತಿಂಗಳಿಗೊಮ್ಮೆ ಮಕ್ಕಳನ್ನು ಊರೊಳಗೇ ಎಲ್ಲಿಗಾದರೂ ಕರೆದೊಯ್ಯುತ್ತಾರೆ. ಬಂದ ಮೇಲೆ ಕಂಡದ್ದೊಂದು, ಇನ್ನೂ ತಿಳಿಯದ್ದೊಂದು ಬರೆಸುತ್ತಾರೆ. ಆ ಕಾಗದಗಳನ್ನು ಹೋಗಿಬಂದ ಜಾಗಕ್ಕೇ ಕಳಿಸುತ್ತಾರೆ. ಪ್ರಶ್ನೆ ಕೇಳಿದವರಿಗೆ ಅಲ್ಲಿಂದ ಉತ್ತರ ಬರುತ್ತದೆ. ಅನ್ವಿ ಬರೆದದ್ದು ಇಷ್ಟೇ: ಅಡುಗೆಮನೆಯಲ್ಲಿ ಒಬ್ಬರು ಸೂಪ್ ಮಾಡುತ್ತಿದ್ದರು. ಅಲಾರಂ ಹೊಡೆದರೆ ಎಲ್ಲರೂ ಓಡುತ್ತಾರೆ. ಆಗ ಒಲೆ ಯಾರು ಆರಿಸುತ್ತಾರೆ?

ಚಿತ್ರಕ್ಕೆ ಬಣ್ಣ ತುಂಬಲೆಂದು ಆ ಹಾಳೆ ಒಂದು ದಿನ ಮನೆಗೆ ಬಂತು. ಅಕ್ಕನ ಕಣ್ಣಿಗೆ ಬಿತ್ತು.

"ಇದೇನೇ ಇದು? ಬೆಂಕಿ ಆರ್ಸೋರಿಗೇ ಒಲೆ ಆರ್ಸಕ್ಕೆ ಬರಲ್ವಾ ಅಂದಂಗಿದೆ. ರೂಡ್ ಆಗಿ ಕಾಣ್ಸುತ್ತೆ."

"ಬಟ್ ಐ ವಾಂಟ್ ಟು ನೋ, ಅಮ್ಮ," ಎಂದಳು ಅನ್ವಿ.

ತಿಳಿಯಬೇಕೆಂಬ ಆಸೆಗೆ ನಮ್ಮ ಮನೆಯಲ್ಲಿ ಮಾರ್ಕ್ಸ್ ಇಲ್ಲ. ಅಕ್ಕ ಹೊಸ ಹಾಳೆ ಕೊಟ್ಟು ಹೇಳಿ ಬರೆಸಿದಳು. ಅಗ್ನಿಶಾಮಕರು ಸಮಾಜದ ಆಧಾರಸ್ತಂಭಗಳಾದರು. ‘ಕರೇಜಿಯಸ್’ ಅಕ್ಕನದು. ‘ಸೆಲ್ಫ್‌ಲೆಸ್’ ಯಾರದು ಎಂದು ನನ್ನ ಡೈರಿಯಲ್ಲೂ ಬರೆದುಕೊಂಡಿಲ್ಲ, ಓದುಗರೆದುರು ಇಲ್ಲಿ ಒಪ್ಪಿಕೊಳ್ಳುತ್ತೇನೆ: ನನ್ನದು.

ಇದು ನಮ್ಮಿಬ್ಬರ ದೋಷವಷ್ಟೇ ಅಲ್ಲ, ಪರಂಪರೆಯದೂ ಹೌದು. ಹಿಂದೆ ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆಗಳು ಇರಲೇಬೇಕಿತ್ತು. ಕವಿ ಕೆರೆ ದಾಟಿ ಹೋಗದಿದ್ದರೂ ಸಮುದ್ರ ಭೋರ್ಗರೆಯಬೇಕು. ಮೈಸೂರಿನಲ್ಲಿ ಆರನೇ ಕ್ಲಾಸಿನಲ್ಲಿದ್ದಾಗ ‘ನಾನು ಕಂಡ ಸಮುದ್ರ’ ಪ್ರಬಂಧಕ್ಕೆ ನನಗೆ ಮೊದಲ ಬಹುಮಾನ ಬಂದಿತ್ತು. ಸಮುದ್ರ ಕಂಡದ್ದು ಅದಾಗಿ ಎಂಟು ವರ್ಷಕ್ಕೆ. ಕಂಡಾಗ, ಪ್ರಬಂಧದಲ್ಲಿದ್ದಷ್ಟು ಚೆನ್ನಾಗಿಲ್ಲ ಅನ್ನಿಸಿತು.

ಎಲ್ಲರ ಬರಹಗಳ ಪ್ರತಿಗಳನ್ನು ತರಗತಿಯ ಗೋಡೆಗೆ ಅಂಟಿಸಿದ್ದರು. ಹೋಗಿ ಎಣಿಸಿದೆ. ನಮ್ಮ ಕಡೆಯ ಮಕ್ಕಳ ಬರಹಗಳು ಒಂಬತ್ತು. ಒಂಬತ್ತರಲ್ಲೂ ‘ಕರೇಜಿಯಸ್’, ಏಳರಲ್ಲಿ ‘ಸೆಲ್ಫ್‌ಲೆಸ್’, ಪ್ರಶ್ನೆ ಸೊನ್ನೆ. ಏಳು ವರ್ಷದ ಇಷ್ಟು ಮಕ್ಕಳು ಒಂದೇ ಸಂಜೆ ನಿಸ್ವಾರ್ಥದ ಅರ್ಥ ಕಂಡುಕೊಂಡ ಊರು ಬೇರೆಲ್ಲೂ ಇರಲಾರದು. ಅವರ ಅಮ್ಮಂದಿರು ಪಕ್ಕದಲ್ಲಿ ನಿಂತು, ಮಕ್ಕಳು ಎಷ್ಟು ಸ್ವಂತವಾಗಿ ಯೋಚಿಸುತ್ತಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಎರಡು ವಾರಕ್ಕೆ ಉತ್ತರಗಳು ಬಂದವು. ಟ್ರಕ್ಕಿನಲ್ಲಿ ಗೊಂಬೆ ಕರಡಿ ಏಕಿದೆ ಎಂದು ಕೇಳಿದ್ದ, ಅನ್ವಿಯ ಪಕ್ಕ ಕೂರುವ ಹುಡುಗಿಗೆ ಕೈಬರಹದ ಎರಡು ಪುಟ. ನಮ್ಮ ಒಂಬತ್ತು ಮಕ್ಕಳಿಗೆ, ನಿಮ್ಮ ಒಳ್ಳೆಯ ಮಾತಿಗೆ ವಂದನೆ ಎಂಬ ಅಚ್ಚಿನ ಕಾರ್ಡು. ಅನ್ವಿ ಅದನ್ನು ತಂದು ಅಕ್ಕನ ಕೈಗೆ ಕೊಟ್ಟಳು.

"ಇದು ನಿಂದು," ಎಂದಳು.

ಆಮೇಲೆ ಎರಡು ದಿನ ಅವಳು ಅಮ್ಮನೊಡನೆ ಮಾತಾಡಲಿಲ್ಲ. ಮೂರನೇ ದಿನ ಭಾವ ಸಂಧಾನಕ್ಕೆಂದು ಫೋನಿನಲ್ಲಿ ಹುಡುಕಿ ಒಂದು ಉತ್ತರ ಓದಿ ಹೇಳಿದರು.

"ಫೋನ್‌ನ ಯಾರು ಕೇಳಿದ್ರು? ನಾನು ಸೂಪ್ ಆಂಟಿನ ಕೇಳಿದ್ದು."

ಹಾಗಾದರೆ ಹೋಗಿ ಕೇಳೋಣ ಎಂದೆ. ಭಾವನಿಗೆ ಅದು ಸರಿಬೀಳಲಿಲ್ಲ. ವೀಸಾದ ಮೇಲಿರುವವರು ಸರ್ಕಾರಿ ಕಟ್ಟಡಕ್ಕೆ ಹೋಗಿ ಒಲೆಯ ವಿಚಾರಣೆ ಮಾಡುವುದು ಬೇಡ, ಗ್ರೀನ್ ಕಾರ್ಡ್ ಬರಲಿ ಎಂದರು. ಅವರು ನಿಂತಿರುವ ಸಾಲಿನ ಉದ್ದ ನೋಡಿದರೆ, ಅಷ್ಟರಲ್ಲಿ ಅನ್ವಿಯ ಮಗಳೇ ಎರಡನೇ ತರಗತಿಯಲ್ಲಿರುತ್ತಾಳೆ.

ಮೊನ್ನೆ ಭಾನುವಾರ ಅಕ್ಕ ಯಾರಿಗೂ ಏನೂ ಹೇಳದೆ ಕಾರಿನ ಕೀ ತೆಗೆದುಕೊಂಡಳು. ನಾನೂ ಅನ್ವಿಯೂ ಹಿಂದೆ ಹತ್ತಿದೆವು. ಡ್ರೈವ್ ನಾಲ್ಕು ನಿಮಿಷದ್ದು. ಸ್ಟೇಷನ್ ಬಾಗಿಲು ಮುಚ್ಚಿತ್ತು. ಬೆಲ್ ಒತ್ತಿದರೆ ಯಾರೂ ಬರಲಿಲ್ಲ. ಟ್ರಕ್ ನಿಲ್ಲುವ ಜಾಗ ಖಾಲಿ. ಎಲ್ಲೋ ಬೆಂಕಿ ಬಿದ್ದು ಎಲ್ಲರೂ ಹೋಗಿರಬೇಕು. ಅನ್ವಿ ಪಕ್ಕದ ಕಿಟಕಿಯ ಬಳಿ ಹೋಗಿ ಗಾಜಿಗೆ ಮೂಗು ಒತ್ತಿ ನಿಂತಳು. ಅಡುಗೆಮನೆ ಕಾಣುತ್ತಿತ್ತು. ಒಲೆಯ ಮೇಲೆ ದೊಡ್ಡ ಪಾತ್ರೆ, ಅರ್ಧ ಹೆಚ್ಚಿದ ಕ್ಯಾರೆಟ್, ಪಕ್ಕದಲ್ಲೇ ಚಾಕು.

"ಒಲೆ ಆಫ್ ಆಗಿದೆ," ಎಂದು ಪಿಸುಗುಟ್ಟಿದಳು.

ಅಕ್ಕ ಆಚೀಚೆ ನೋಡಿದಳು. ಆಮೇಲೆ ತಾನೂ ಬಗ್ಗಿ, ಮಗಳ ತಲೆಯ ಪಕ್ಕ ತಲೆಯಿಟ್ಟು, ಎರಡೂ ಕೈಯಿಂದ ಬಿಸಿಲು ಮರೆಮಾಡಿಕೊಂಡು ಒಳಗೆ ಇಣುಕಿದಳು.

"ಹೌದಲ್ವೇ," ಎಂದಳು ಕೊನೆಗೆ. "ಯಾರು ಆರ್ಸಿರ್ಬೋದು?"

ಬಲ್ಲವರು ದಯವಿಟ್ಟು ಬರೆದು ತಿಳಿಸಬೇಕು. ಕೇಳುತ್ತಿರುವವರು ಈಗ ಮೂವರು.