ಬೋಕಾಯೊಳ ಗಂಟು

ಬೋಕಾಯೊಳ ಮನೆ ಏಳು ವರ್ಷಗಳಿಂದ ಒಂದೇ ಕಡೆ ನಿಂತಿತ್ತು. ಒಂಟೆ ಮೇಯಿಸುತ್ತ ಅಲೆಯುವ ಗಬ್ರಾ ಹೆಂಗಸಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೆ ಇಲ್ಲ. ಮನೆ ಎಂದರೇನು, ಬಗ್ಗಿಸಿದ ಕೋಲುಗಳು, ಅದರ ಮೇಲೆ ನಾರಿನ ಚಾಪೆ, ಚಾಪೆಯ ಮೇಲೆ ತೊಗಲು, ಸುತ್ತಲೂ ಹಗ್ಗ. ಬಿಚ್ಚಿ ಒಂಟೆಯ ಬೆನ್ನಿಗೆ ಹೇರಿದರೆ ಬೆಳಿಗ್ಗೆ ಇಲ್ಲಿ, ಸಂಜೆ ಇನ್ನೆಲ್ಲೋ. ನಿಂತಲ್ಲೇ ನಿಂತ ಮನೆಗೆ ಗೆದ್ದಲು ಹತ್ತುತ್ತದೆ, ಒಳಗಿರುವವಳಿಗೂ ಏನೋ ಒಂದು ಹತ್ತುತ್ತದೆ.

ಗಂಡ ವಾಕೊ ಇದ್ದಾಗ ಹದಿನಾಲ್ಕು ಒಂಟೆ ಇದ್ದವು. ಕೆಮ್ಮಿನ ರೋಗ ಬಂದ ವರ್ಷ ಹನ್ನೊಂದು ಸತ್ತವು, ಮರುವರ್ಷ ವಾಕೊನೂ ಹೋದ. ಉಳಿದ ಮೂರನ್ನು ಅವನ ಅಣ್ಣತಮ್ಮಂದಿರು ಹೊಡೆದುಕೊಂಡು ಹೋದರು. ಪದ್ಧತಿಯ ಪ್ರಕಾರವೇ ಹೊಡೆದುಕೊಂಡು ಹೋದರು, ಬೈಯುವಂತಿಲ್ಲ. ಆದರೂ ಬೋಕಾಯೊ ಬೈಯುತ್ತಿದ್ದಳು. ಆಮೇಲೆ ಮೈಕೋನಾ ಊರಿನ ಅಂಗಡಿಗಳ ಹಿಂದೆ, ಚಲ್ಬಿ ಮರಳುಗಾಡಿನ ಗಾಳಿ ಮೊದಲು ಬಂದು ಬಡಿಯುವ ಕಡೆ ಮನೆ ಕಟ್ಟಿಕೊಂಡು, ನಾರು ಹೊಸೆದು ಹಗ್ಗ ಮಾರಿ ಬದುಕುತ್ತಿದ್ದಳು.

ಆ ಮನೆಯೂ ಅರ್ಧ ಮನೆ. ನಮ್ಮಲ್ಲಿ ಮಗಳ ಮದುವೆಯೆಂದರೆ ತಾಯಿಯ ಮನೆಯನ್ನು ಬಿಚ್ಚಿ ಅರ್ಧ ಕೋಲು, ಅರ್ಧ ಚಾಪೆ ಮಗಳಿಗೆ ಕೊಡಬೇಕು. ಅದರಿಂದಲೇ ಮಗಳ ಮನೆ ಏಳುತ್ತದೆ. ಹನ್ನೆರಡು ವರ್ಷದ ಹಿಂದೆ ಒಬ್ಬಳೇ ಮಗಳು ತಲಾಸೊ ಉತ್ತರದ ಕಡೆಯ ಒಂದು ಹಟ್ಟಿಗೆ ಮದುವೆಯಾಗಿ ಹೋದಾಗ, ಬೋಕಾಯೊ ತನ್ನ ತಾಯಿಯಿಂದ ಬಂದ ಒಳ್ಳೊಳ್ಳೆಯ ಕೋಲುಗಳನ್ನೆಲ್ಲ ಆರಿಸಿ ಅವಳ ಪಾಲಿಗೆ ಹಾಕಿ, ಸೊಟ್ಟಗಿದ್ದವನ್ನು ತಾನಿಟ್ಟುಕೊಂಡಿದ್ದಳು. ತಲಾಸೊ ಒಮ್ಮೆ ತವರಿಗೆ ಬಂದು ಹೋದಳು. ಅದಕ್ಕೂ ಏಳು ವರ್ಷವಾಯಿತು. ಅವರು ಮೇಯಿಸುತ್ತ ತಿರುಗುವ ಕಡೆ ಫೋನಿಗೆ ಸಿಗ್ನಲ್ ಇಲ್ಲ. ಹೆಣ್ಣು ಮಗು ಹುಟ್ಟಿದೆ ಎಂದು ಉಪ್ಪಿನ ವ್ಯಾಪಾರಿಯೊಬ್ಬ ಹೇಳಿದ. ಹೆಸರು ಗುಮಾತೊ ಎಂದ. ಇನ್ನೊಬ್ಬ ಬಂದು ಅಲ್ಲ, ದರ್ಮಿ ಎಂದ. ಆರು ವರ್ಷದ ಮೊಮ್ಮಗಳನ್ನು ಮನಸ್ಸಿನಲ್ಲೇ ಕರೆಯುವಾಗಲೂ ಬೋಕಾಯೊ ಯಾವ ಹೆಸರಿನಿಂದ ಕರೆಯುವುದೆಂದು ತಿಳಿಯದೆ ಸುಮ್ಮನಾಗುತ್ತಿದ್ದಳು.

ಹೀಗಿರುವಾಗ ಊರಿಗೆ ಆ ದೊಡ್ಡ ಬಿಳಿ ಡೇರೆ ಬಂತು. ಬರ ಪರಿಹಾರದ ಕಚೇರಿಯವರು ಹಿಟ್ಟು, ಬೇಳೆ, ಎಣ್ಣೆ ಇಡಲು ಕಳಿಸಿದ್ದು. ಕಬ್ಬಿಣದ ಕಮಾನುಗಳು, ದಪ್ಪ ಪ್ಲಾಸ್ಟಿಕ್ ಬಟ್ಟೆ, ಒಂದು ಚೀಲದ ತುಂಬ ಗೂಟಗಳು. ಬೇಕಾದಲ್ಲಿ ನಿಲ್ಲಿಸಬಹುದು, ಬೇಡವಾದಾಗ ಮಡಚಿ ಲಾರಿಗೆ ಹಾಕಬಹುದು. ಅದರ ಜೊತೆ ಬಂದವನು ಕಿರೀಮಿ, ದೂರದ ದಕ್ಷಿಣದ ಮೇರು ಊರಿನ ಕಡೆಯವನು, ಒಳ್ಳೆಯ ಹುಡುಗ, ಆದರೆ ಕೈಯಲ್ಲಿದ್ದ ಕಾಗದ ಬಿಟ್ಟರೆ ಬೇರೆ ಯಾರ ಮಾತೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಲಾರಿ ಹಿಂದಕ್ಕೆ ಬಂದು ನಿಲ್ಲಲು ಸುಲಭವಾಗಲಿ ಎಂದು ಬಾಗಿಲನ್ನು ರಸ್ತೆಯ ಕಡೆ, ಅಂದರೆ ಪೂರ್ವಕ್ಕೆ ಇಟ್ಟ. ಹುಟ್ಟಿದ ಮಗುವಿಗೂ ಗೊತ್ತು, ಚಲ್ಬಿಯ ಗಾಳಿ ಬರುವುದೇ ಪೂರ್ವದಿಂದ; ಅದಕ್ಕೇ ನಮ್ಮ ಮನೆಗಳೆಲ್ಲ ಅದಕ್ಕೆ ಬೆನ್ನು ಕೊಟ್ಟು ಪಶ್ಚಿಮಕ್ಕೆ ಮುಖ ಮಾಡಿ ಕೂರುವುದು. ಮೂರನೆಯ ದಿನ ಗಾಳಿ ಬಾಗಿಲಿನಿಂದ ಒಳಹೊಕ್ಕು, ಹೊಟ್ಟೆ ಉಬ್ಬಿಸಿ, ಗೂಟಗಳನ್ನು ಮರಳಿನಿಂದ ಹಲ್ಲು ಕಿತ್ತಂತೆ ಕಿತ್ತು, ಡೇರೆಯನ್ನು ಹೊತ್ತುಕೊಂಡು ಹೋಯಿತು. ಕಿರೀಮಿ ಮತ್ತೆ ಕಟ್ಟಿದ, ಇನ್ನೂ ಉದ್ದನೆಯ ಗೂಟ ಹೊಡೆದ. ಎರಡನೆಯ ಸಲ ಅದು ಶಾಲೆಯ ನೀರಿನ ಟ್ಯಾಂಕಿಗೆ ಸಿಕ್ಕಿಕೊಂಡಿತ್ತು.

ಬೋಕಾಯೊ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಊರ ಯಜಮಾನ ಅದಾನೊನ ಕಿವಿಗೂ ಬಿತ್ತು.

“ನಗೋದು ಸಾಕು ಅಕ್ಕ, ಬಂದು ಕಟ್ಟು. ಹಿಟ್ಟೆಲ್ಲ ಮರಳಾಗ್ತಿದೆ,” ಎಂದ ಅವನು.

“ನಾನು ಕಟ್ಟಿದ್ರೆ ನಂದಾಗುತ್ತೆ ನೋಡು. ಆಮೇಲೆ ತಕರಾರು ಮಾಡಬಾರದು.”

ಅದು ತಮಾಷೆಯೂ ಹೌದು, ಅಲ್ಲವೂ ಹೌದು. ನಮ್ಮಲ್ಲಿ ಮನೆ ಹೆಂಗಸಿನದು. ಕಟ್ಟಿದವಳೇ ಅದರ ಯಜಮಾನಿ, ಬಿಚ್ಚುವುದೂ ಅವಳೇ. ಒಬ್ಬಳು ಕಟ್ಟಿದ್ದನ್ನು ಇನ್ನೊಬ್ಬಳು ಮುಟ್ಟುವುದಿಲ್ಲ, ಗಂಡಸರಂತೂ ಹತ್ತಿರವೂ ಸುಳಿಯುವುದಿಲ್ಲ.

ಬೋಕಾಯೊ ಬಾಗಿಲನ್ನು ಪಶ್ಚಿಮಕ್ಕೆ ತಿರುಗಿಸಿದಳು. ಗೂಟಗಳ ಚೀಲವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಗಂಡಸರಿಂದ ತೋಳುದ್ದ ಗುಂಡಿ ತೋಡಿಸಿದಳು. ಖಾಲಿ ಹಿಟ್ಟಿನ ಚೀಲಗಳಿಗೆ ಕಲ್ಲು ತುಂಬಿಸಿ, ಚೀಲದ ನಡುವಿಗೆ ಹಗ್ಗ ಬಿಗಿದು, ಒಂದೊಂದು ಗುಂಡಿಯಲ್ಲಿ ಒಂದೊಂದನ್ನು ಹೂತು ಮೇಲೆ ಮರಳು ತುಳಿಸಿದಳು. ಗಾಳಿ ಬಡಿಯುವ ಬೆನ್ನಿನ ಕಡೆ ಒಂದಕ್ಕೆ ಎರಡು ಹೂಳಿಸಿದಳು. ಬಟ್ಟೆಯ ಅಂಚು ಎಲ್ಲೂ ಪಟಪಟ ಬಡಿಯದಂತೆ ಸುತ್ತಲೂ ಕಲ್ಲು ಹೇರಿಸಿದಳು; ಮೊದಲು ಹರಿಯುವುದು ಬಡಿದುಕೊಳ್ಳುವ ಬಟ್ಟೆಯೇ. ಹಗ್ಗಗಳನ್ನು ಮಾತ್ರ ತಾನೇ ಕಟ್ಟಿದಳು, ತನ್ನ ಗಂಟಿನಲ್ಲಿ.

ಆ ಗಂಟಿಗೆ ಒಂದು ಕತೆಯಿದೆ. ಎರಡು ಸುತ್ತು ಹಾಕಿ, ತುದಿಯನ್ನು ಮಡಚಿ ಕೆಳಗಿನಿಂದ ತೂರಿಸಿ, ಒಂದು ಪುಟ್ಟ ಕುಣಿಕೆಯನ್ನು ಹೊರಗೆ ಬಿಡುತ್ತಿದ್ದಳು. ಎಷ್ಟು ಗಾಳಿಗೂ ಜಗ್ಗುವುದಿಲ್ಲ, ಕುಣಿಕೆ ಎಳೆದರೆ ತಟ್ಟನೆ ಬಿಚ್ಚಿಕೊಳ್ಳುತ್ತದೆ. ಹೊಸದಾಗಿ ಮದುವೆಯಾಗಿ ಬಂದಾಗ ಅತ್ತೆ ಅದನ್ನು ನೋಡಿ, ಇದೇನು ಮೇಕೆ ಕಿವಿ, ಬಿಚ್ಚಿಕೊಂಡು ಹೋಗಲೆಂದೇ ಕಟ್ಟಿದ ಹಾಗಿದೆ ಎಂದು ಮೂಗು ಮುರಿದಿದ್ದಳು. ಹೌದು, ಹೋಗಲೆಂದೇ ಅಲ್ಲವೇ ಕಟ್ಟುವುದು ಎಂದಿದ್ದಳು ಬೋಕಾಯೊ. ಬೇರೆ ಯಾರೂ ಆ ಗಂಟು ಹಾಕುತ್ತಿರಲಿಲ್ಲ. ತಲಾಸೊ ಒಬ್ಬಳಿಗೆ ಕಲಿಸಿದ್ದಳು.

ಡೇರೆ ಆ ವರ್ಷದ ಗಾಳಿಯನ್ನೆಲ್ಲ ತಡೆದುಕೊಂಡು ನಿಂತಿತು. ಊರವರು ಅದಕ್ಕೆ ಬೋಕಾಯೊ ಮನೆ ಎಂದೇ ಹೆಸರಿಟ್ಟರು. ದಿನಾ ಸಂಜೆ ಅವಳು ಹೋಗಿ ಸಡಿಲಾದ ಹಗ್ಗ ಬಿಗಿಯುತ್ತಿದ್ದಳು. ಮುದುಕಿಗೆ ಹಿಟ್ಟಿನ ಮೂಟೆಗಳ ಜೊತೆ ಎರಡನೇ ಸಂಸಾರ ಎಂದು ಹೆಂಗಸರು ಕಿಚಾಯಿಸಿದರೆ, ಮೊದಲನೆಯವನಿಗಿಂತ ಇವು ವಾಸಿ, ಗೊರಕೆ ಹೊಡೆಯುವುದಿಲ್ಲ ಎನ್ನುತ್ತಿದ್ದಳು.

ಮರುವರ್ಷ ಅದೇ ಕಾಲಕ್ಕೆ ಕಿರೀಮಿ ಖಾಲಿ ಲಾರಿ ತಂದ. ಡೇರೆಯನ್ನು ಎಲಾ ದೀಮ ಎಂಬ ಬಾವಿಯ ಹತ್ತಿರ ಒಯ್ಯಬೇಕೆಂದು ಕಚೇರಿಯ ಅಪ್ಪಣೆಯಾಗಿತ್ತು. ಹಟ್ಟಿಗಳೆಲ್ಲ ಈಗ ಅಲ್ಲಿ ಸೇರಿವೆ, ಹಿಟ್ಟು ಅಲ್ಲಿಗೇ ಬೇಕು. ಆ ಹೆಸರು ಕೇಳಿ ಬೋಕಾಯೊ ಎದ್ದು ನಿಂತಳು. ನಾಲ್ಕು ದಿನದ ಹಿಂದಷ್ಟೇ ಅಲ್ಲಿಂದ ಬಂದ ಉಪ್ಪಿನವನು ಹೇಳಿದ್ದ, ತಲಾಸೊಳ ಹಟ್ಟಿ ಅಲ್ಲೇ ಇದೆ, ನಿನ್ನ ಮಗಳು ನನಗೆ ಹಾಲು ಕೊಟ್ಟಳು ಎಂದು. ಲಾರಿಯಲ್ಲಿ ಅರ್ಧ ದಿನದ ದಾರಿ. ಒಂಟೆಯಿಲ್ಲದವಳಿಗೆ ಈ ಎಂಟು ವರ್ಷ ಅದೇ ಅರ್ಧ ದಿನ ಸಮುದ್ರದಷ್ಟು ದೂರವಾಗಿತ್ತು.

ತಾನು ಬಿಚ್ಚುತ್ತೇನೆ, ಅಲ್ಲಿಯೂ ಬಂದು ತಾನೇ ಕಟ್ಟುತ್ತೇನೆ ಎಂದಳು. ಕಿರೀಮಿಗೆ ಆಗಲೇ ಬುದ್ಧಿ ಬಂದಿತ್ತು, ಸಂತೋಷದಿಂದ ಒಪ್ಪಿದ. ಹಾಗಾದರೆ ಈಗಲೇ ಶುರು ಮಾಡೋಣ, ಸಂಜೆಯೊಳಗೆ ಅಲ್ಲಿರೋಣ ಎಂದ.

“ಇವತ್ತು ಆಗಲ್ಲಪ್ಪ,” ಎಂದಳು ಬೋಕಾಯೊ.

“ಯಾಕಮ್ಮ?”

“ಇವತ್ತು ಮನೆ ಬಿಚ್ಚೋ ದಿನ ಅಲ್ಲ.”

ಕಿರೀಮಿ ತಲೆ ಕೆರೆದುಕೊಂಡ. ಇದು ಮನೆಯಲ್ಲ, ಗೋದಾಮು, ಕಬ್ಬಿಣ ಮತ್ತು ಪ್ಲಾಸ್ಟಿಕ್ ಎಂದು ತಿಳಿಹೇಳಿದ. ಅವಳು ಜಗ್ಗಲಿಲ್ಲ. ದಿನದ ಲೆಕ್ಕ ಬಲ್ಲ ಮುದುಕರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು: ಇವತ್ತು ಬೇಡ, ನಾಳೆಯೂ ಬೇಡ, ನಾಡಿದ್ದು ಒಳ್ಳೆಯ ದಿನ. ಕೆಟ್ಟ ದಿನ ಬಿಚ್ಚಿದ ಮನೆ ಮುಟ್ಟಬೇಕಾದವರನ್ನು ಮುಟ್ಟುವುದಿಲ್ಲ ಎಂದು ನಂಬಿದ ಜನ ನಾವು. ಎರಡು ದಿನ ಕಿರೀಮಿ ಅದಾನೊನ ಮನೆಯಲ್ಲಿ ಮೇಕೆ ಮಾಂಸ ತಿಂದು, ಚಹಾ ಕುಡಿದು, ಲಾರಿಯ ನೆರಳಿನಲ್ಲಿ ನಿದ್ದೆ ಹೊಡೆದ. ನಿದ್ದೆ ಬಾರದವಳು ಬೋಕಾಯೊ. ಅವಳಿಗಿಂತ ಅವಸರ ಯಾರಿಗಿತ್ತು? ಎದ್ದು ಓಡಿಬಿಡೋಣ ಎನ್ನಿಸುತ್ತಿತ್ತು. ಆದರೆ ಎಂಟು ವರ್ಷ ಕಾದು ಕಾದು ಬಂದ ಈ ಗಳಿಗೆಯನ್ನು ಕೆಟ್ಟ ದಿನಕ್ಕೆ ಕೊಡಲು ಮನಸ್ಸು ಬರಲಿಲ್ಲ. ಮಗಳಿಗೆಂದು ಹೊಸೆದಿಟ್ಟ ಹಗ್ಗದ ಸುರುಳಿಯನ್ನು ತೆಗೆಯುವುದು, ಕಟ್ಟಿಡುವುದು, ಮತ್ತೆ ತೆಗೆಯುವುದು, ಇದೇ ಆಯಿತು. ವರ್ಷಕ್ಕೆ ಇಷ್ಟೆಂದು, ಮಾರುವ ಹಗ್ಗಕ್ಕೆ ಸೇರಿಸದೆ, ಒಳ್ಳೆಯ ನಾರಿನಲ್ಲಿ ಹೊಸೆದದ್ದು. ಒಂದು ಮನೆಗೆ ಸುತ್ತಲೂ ಸಾಕಾಗುವಷ್ಟಿತ್ತು.

ಮೂರನೆಯ ಬೆಳಿಗ್ಗೆ ಇನ್ನೂ ಬೆಳಕು ಹರಿಯುವ ಮೊದಲೇ ಕುಣಿಕೆಗಳನ್ನು ಎಳೆದಳು. ಡೇರೆ ನಿಟ್ಟುಸಿರು ಬಿಟ್ಟು ಕೂತುಕೊಂಡಿತು. ಎಲ್ಲವನ್ನೂ ಮಡಚಿ, ಸುತ್ತಿ, ಲಾರಿಗೆ ಹೇರಿದ ಮೇಲೆ ಕಿರೀಮಿ ಮುಂದೆ ತನ್ನ ಪಕ್ಕ ಕೂರಲು ಕರೆದ. ಅವಳು ಒಲ್ಲೆನೆಂದು ಹಿಂದೆ, ಬಟ್ಟೆಯ ರಾಶಿಯ ಮೇಲೆ ಹತ್ತಿ ಕೂತಳು. ಹೇರಿದ ಮನೆಯ ಮೇಲೆ ಕೂತು ಹೋಗುವ ಸುಖವನ್ನು ಗಾಜಿನ ಹಿಂದೆ ಕೂತು ಅನುಭವಿಸಲು ಸಾಧ್ಯವೇ? ದಾರಿಯುದ್ದಕ್ಕೂ ಒಂದೊಂದು ಹಳ್ಳ, ಒಂದೊಂದು ಒಂಟಿ ಮರ ಬಂದಾಗಲೂ ಇಲ್ಲಿ ಇಂಥ ವರ್ಷ ಇದ್ದೆವು, ಇಲ್ಲಿ ತಲಾಸೊಗೆ ಜ್ವರ ಬಂದಿತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಎಂಟು ವರ್ಷದಲ್ಲಿ ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿರಲಿಲ್ಲ.

ಎಲಾ ದೀಮ ತಲುಪಿದಾಗ ಹೊತ್ತು ಇಳಿದಿತ್ತು. ಬಾವಿಯ ದಕ್ಷಿಣಕ್ಕೆ ಮೂರು ಹಟ್ಟಿಗಳು ಕಂಡವು. ಉತ್ತರದ ದಿಬ್ಬದ ಮೇಲೆ, ಉಪ್ಪಿನವನು ಹೇಳಿದ ಜಾಗದಲ್ಲಿ, ಏನೂ ಇರಲಿಲ್ಲ. ಬಾವಿ ಕಾಯುವ ತುಯೆ ಎಂಬ ಮುದುಕ ಅವಳನ್ನು ಗುರುತು ಹಿಡಿದು, ಬಂದು ಕೈ ಹಿಡಿದುಕೊಂಡ.

“ಬೆಳಿಗ್ಗೆ ಹೊರಟ್ರಲ್ಲ ತಂಗಿ. ಆ ಕಡೆ ಮಳೆ ಬಿದ್ದಿದೆ ಅಂತ ಸುದ್ದಿ ಬಂತು.”

“ಯಾವ ಬೆಳಿಗ್ಗೆ?”

“ಇವತ್ತೇ. ಅವಳ ಗಂಡ ಮೊನ್ನೆನೇ ಹೊರಡೋಣ ಅಂತಿದ್ದ. ನಿನ್ನ ಮಗಳು ಬಿಡಲಿಲ್ಲ. ಇವತ್ತು ದಿನ ಚೆನ್ನಾಗಿದೆ, ಇವತ್ತೇ ಮನೆ ಬಿಚ್ಚೋದು, ನಮ್ಮವ್ವ ಹಾಗೇ ಕಲಿಸಿರೋದು ಅಂದ್ಲು.”

ಬೋಕಾಯೊ ಖಾಲಿ ದಿಬ್ಬದ ಕಡೆ ತಿರುಗಿದಳು. ಮೈಕೋನಾದಲ್ಲಿ ತಾನು ಕುಣಿಕೆ ಎಳೆಯುವ ಹೊತ್ತಿಗೆ ಇಲ್ಲಿ ಮಗಳೂ ಎಳೆಯುತ್ತಿದ್ದಳು, ಅದೇ ಗಂಟು, ಅದೇ ಒಳ್ಳೆಯ ದಿನ. ಮೊನ್ನೆ ಬಂದಿದ್ದರೂ ಸಿಗುತ್ತಿದ್ದಳು, ನಿನ್ನೆ ಬಂದಿದ್ದರೂ ಸಿಗುತ್ತಿದ್ದಳು. ಬೆನ್ನು ಹತ್ತಿ ಹೋಗೋಣವೆಂದರೆ ಅವರು ಹೋದ ಕಲ್ಲುಗುಡ್ಡಗಳಲ್ಲಿ ಲಾರಿಯ ಚಕ್ರ ಹತ್ತುವುದಿಲ್ಲ. ಕಿರೀಮಿ ಮುಖ ಸಪ್ಪಗೆ ಮಾಡಿಕೊಂಡು ದೂರ ನಿಂತ. ನಾನು ಅವತ್ತೇ ಹೇಳಿದೆನಲ್ಲ ಎಂದು ಅವನು ಅನ್ನಲಿಲ್ಲ. ಆ ಒಂದು ಕಾರಣಕ್ಕೆ ಅವನನ್ನು ನಾವೆಲ್ಲ ಈಗಲೂ ಒಳ್ಳೆಯವನೆನ್ನುತ್ತೇವೆ.

ಅವಳು ಒಬ್ಬಳೇ ದಿಬ್ಬ ಹತ್ತಿದಳು. ಮನೆ ನಿಂತಿದ್ದ ಜಾಗ ಹುಡುಕಬೇಕಾಗಿರಲಿಲ್ಲ. ಸಾಲಾಗಿ ಹಲವು ಮನೆಗಳ ಗುರುತಿದ್ದರೂ ಬೆನ್ನಿನ ಕಡೆ ಜೋಡಿ ಜೋಡಿ ಕಲ್ಲು ಹೂತಿದ್ದದ್ದು ಒಂದೇ. ಕೋಲು ನೆಟ್ಟ ಕುಳಿಗಳು ಗಾಳಿಗೆ ಇನ್ನೂ ಮುಚ್ಚಿರಲಿಲ್ಲ. ಆ ಕುಳಿಗಳಲ್ಲಿ ಇವತ್ತು ಬೆಳಿಗ್ಗೆಯವರೆಗೆ ತನ್ನ ತಾಯಿಯ ಕೋಲುಗಳು ನಿಂತಿದ್ದವು. ಬೋಕಾಯೊ ಮಂಡಿಯೂರಿ ಒಂದೊಂದರಲ್ಲೂ ಬೆರಳಿಟ್ಟು ನೋಡಿದಳು. ಆಮೇಲೆ ಒಲೆಯ ಮೂರು ಕಲ್ಲುಗಳ ಪಕ್ಕ ಕೂತು ಅತ್ತಳು. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಅತ್ತು ಮುಗಿಸಿ ಕಣ್ಣೊರೆಸಿಕೊಂಡು ಏಳುವಾಗ ಅದು ಕಂಡಿತು. ಮನೆಯ ಗುರುತಿನಿಂದ ನಾಲ್ಕು ಹೆಜ್ಜೆ ಆಚೆ ಮೊಣಕಾಲೆತ್ತರದ ಒಂದು ಆಟದ ಮನೆ. ಕಡ್ಡಿಗಳನ್ನು ಬಗ್ಗಿಸಿ ನೆಟ್ಟು, ಮೇಲೆ ಹರಕು ಬಟ್ಟೆಯ ತುಂಡು ಹೊದಿಸಿ, ನಾರಿನ ಎಳೆಯಿಂದ ಕಟ್ಟಿತ್ತು. ಬಾಗಿಲು ಪಶ್ಚಿಮಕ್ಕಿತ್ತು. ಹಿಂದಿನ ಕಡೆ ಎರಡೆರಡು ಬೆಣಚುಕಲ್ಲು ಅರ್ಧ ಹೂತಿದ್ದವು. ಹೊರಡುವ ಗಡಿಬಿಡಿಯಲ್ಲಿ ಅದನ್ನು ಬಿಚ್ಚಿಕೊಂಡು ಹೋಗಲು ಮಗುವಿಗೆ ಯಾರೂ ಬಿಟ್ಟಿರಲಿಕ್ಕಿಲ್ಲ. ಬೋಕಾಯೊ ಬಗ್ಗಿ ನೋಡಿದಳು. ಎರಡು ಸುತ್ತು, ಮಡಚಿದ ತುದಿ, ಹೊರಗೆ ಇಣುಕುವ ಪುಟ್ಟ ಕುಣಿಕೆ. ಏಳು ವರ್ಷದ ಬೆರಳು ಕಟ್ಟಿದ ಮೇಕೆ ಕಿವಿ, ಸ್ವಲ್ಪ ಸೊಟ್ಟ, ಆದರೆ ಬಿಗಿ.

ಗಾಳಿ ಏಳತೊಡಗಿತ್ತು. ಕಿರೀಮಿ ಗಂಡಸರನ್ನು ಕರೆದುಕೊಂಡು ದಿಬ್ಬಕ್ಕೆ ಬಂದ. ಜಾಗ ಎತ್ತರವಾಗಿದೆ, ನೆಲ ಗಟ್ಟಿಯಿದೆ, ಡೇರೆಯನ್ನು ಇಲ್ಲೇ ನಿಲ್ಲಿಸಬಹುದಲ್ಲವೇ ಎಂದು ಮೆಲ್ಲಗೆ ಕೇಳಿದ. ಅವಳು ಹೂಂ ಎಂದಳು. ಹಟ್ಟಿ ಬಿಟ್ಟುಹೋದ ಜಾಗದಲ್ಲೇ ಗುಂಡಿಗಳು ಬಿದ್ದವು, ಕಲ್ಲು ತುಂಬಿದ ಚೀಲಗಳು ಇಳಿದವು. ಬೆನ್ನಿನ ಕಡೆಗೆ ಕಚೇರಿಯ ಹಗ್ಗ ಸಾಲದೆ ಬಂದಾಗ, ಬೋಕಾಯೊ ಮಗಳಿಗೆಂದು ತಂದ ಸುರುಳಿಯನ್ನು ಬಿಚ್ಚಿ ಅದನ್ನೇ ಕಟ್ಟಿದಳು. ಮಳೆ ಮುಗಿದ ಮೇಲೆ ಹಟ್ಟಿ ಇದೇ ಬಾವಿಗೆ ಬರಬೇಕು, ಹಿಟ್ಟಿಗಾದರೂ ಬರಬೇಕು ಎಂದು ತುಯೆ ಹೇಳಿದ್ದ. ಲಾರಿ ಖಾಲಿ ಹೋಗಲಿ, ದಿನಾ ಸಂಜೆ ಈ ಹಗ್ಗ ಬಿಗಿಯಲು ಯಾರಾದರೂ ಬೇಕಲ್ಲ, ತಾನು ಇಲ್ಲೇ ಇರುತ್ತೇನೆ ಎಂದು ಕಿರೀಮಿಗೆ ತಿಳಿಸಿದಳು. ಅವನು ಬೇಡವೆನ್ನಲಿಲ್ಲ.

ಮುಂದಿನ ಮೂಲೆಯ ಗುಂಡಿ ತೋಡಬೇಕಾದ ಕಡೆ ಆ ಆಟದ ಮನೆ ಅಡ್ಡ ಬಂತು. ಗುಂಡಿ ತೋಡುತ್ತಿದ್ದವನು ಗುದ್ದಲಿಯಿಂದ ಅದನ್ನು ಸರಿಸಲು ಹೋದ.

“ಅದನ್ನ ಮುಟ್ಟಬೇಡ. ಕಟ್ಟಿದೋಳು ಬಂದು ಬಿಚ್ಚಲಿ,” ಎಂದಳು ಬೋಕಾಯೊ.

ಆಗಲೇ ಹೂತಿದ್ದ ಒಂಬತ್ತು ಚೀಲಗಳನ್ನು ಮತ್ತೆ ಅಗೆದು ತೆಗೆದು, ಅಷ್ಟು ದೊಡ್ಡ ಡೇರೆಯನ್ನು ಐದು ಹೆಜ್ಜೆ ಹಿಂದಕ್ಕೆ ಸರಿಸಿ ಕಟ್ಟಿದರು.