ಎದುರು ಮಾತಾಡುವ ರಬ್ಬರು

ಹತ್ತಿ ಸೀರೆ, ಕಾಲಿಗೆ ಬಿಳಿ ಕ್ಯಾನ್‌ವಾಸ್ ಬೂಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಕೆಂಪಮ್ಮ ಟೀಚರ್ ಟೇಬಲ್ ಟೆನ್ನಿಸ್ ಬ್ಯಾಟನ್ನು ಮೂಗಿನ ಹತ್ತಿರ ಹಿಡಿದು, ಕನ್ನಡಿಗೆ ಊದುವ ಹಾಗೆ ಅದರ ರಬ್ಬರಿನ ಮೇಲೆ ಬಾಯಿಯ ಹಬೆ ಬಿಟ್ಟು, ಸೆರಗಿನ ತುದಿಯಿಂದ ಒರೆಸಿ, ಆಮೇಲೆ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಅವರು ಪೆನ್ನಾಗರದ ಕಡೆ ಕುರಿ ಸಾಕುವ ಮನೆಯವರು. ಸಂತೆಯಲ್ಲಿ ಅಪ್ಪ ಕುರಿಯ ಬೆನ್ನು ಒತ್ತಿ ಕೊಬ್ಬು ನೋಡುತ್ತಿದ್ದದ್ದನ್ನೇ ತಾನು ರಬ್ಬರಿಗೆ ಮಾಡುತ್ತಿದ್ದೇನೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ತಮಿಳು ಸೀಮೆಯ ಪಾಲಕ್ಕೋಡಿನ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಅವರು ಆಟದ ಟೀಚರಾಗಿ ಬಂದಾಗ, ಯಾರೋ ದಾನ ಕೊಟ್ಟ ಟೇಬಲ್ಲೊಂದು ಉಗ್ರಾಣದಲ್ಲಿ ಹಳೆಯ ಬೆಂಚುಗಳ ಕೆಳಗೆ ಬಿದ್ದಿತ್ತು. ಅದನ್ನು ಎಳೆದು ಹೊರಗೆ ಹಾಕಿಸಿ, ತೊಳೆಸಿ, ನಮಗೆ ಕಲಿಸಲು ನಿಂತರು. ತಮಗೂ ಆ ಆಟ ಅಷ್ಟಾಗಿ ಬರುತ್ತಿರಲಿಲ್ಲ. ನಮ್ಮ ಜೊತೆಯಲ್ಲೇ ಕಲಿತರು. ಮೈದಾನದಲ್ಲಿ ಎಲ್ಲರಿಗೂ ತಮಿಳಿನಲ್ಲಿ ಕೂಗು. ಮಾರಂಡಹಳ್ಳಿಯಿಂದ ಬರುತ್ತಿದ್ದ ನನ್ನಂಥ ಕನ್ನಡದ ಹುಡುಗಿಯರು ಹತ್ತಿರ ಬಂದರೆ ದನಿ ಇಳಿಸಿ, ಮನೆಯ ಮಾತು. ನಮ್ಮನ್ನೆಲ್ಲ ಅವರು ಕರೆಯುತ್ತಿದ್ದದ್ದು 'ಅಮ್ಮಿ' ಎಂದು.

ರಬ್ಬರುಗಳ ಬಗ್ಗೆ ಅವರದೇ ಮಾತುಗಳಿದ್ದವು. ಸವೆದು ಹೊಳಪು ಹೋದದ್ದು 'ಮುದುಕಿ ಆಗೈತೆ'. ಚೆಂಡು ತಾಗಿದರೂ ಸತ್ತ ಹಾಗೆ ಇರುವುದಕ್ಕೆ 'ಕಿವಿ ಮಂದ'. ಕೈ ಹೇಳಿದಷ್ಟೇ ಮಾಡುವುದು 'ಮಾತು ಕೇಳೋ ರಬ್ಬರು'. ಕೆಳಗಿನ ಸ್ಪಂಜು ದಪ್ಪವಾಗಿ, ಮುಟ್ಟಿದರೆ ಸಾಕು ಚೆಂಡನ್ನು ಚಿಮ್ಮಿಸುವುದು 'ಎದುರು ಮಾತಾಡೋ ರಬ್ಬರು'. ಹೊಸದನ್ನು ಅಂಟಿಸುವ ದಿನ ಮನೆಯಿಂದ ಪೂರಿಯ ಲಟ್ಟಣಿಗೆ ತರುತ್ತಿದ್ದರು. ಅಂಟು ಹಚ್ಚಿ ಒಣಗಿಸಿ, ರಬ್ಬರನ್ನು ಕೂರಿಸಿ, ಗಾಳಿ ನಿಲ್ಲದ ಹಾಗೆ ಅದರಿಂದ ಲಟ್ಟಿಸಿ, ಅಂಚನ್ನು ಬ್ಲೇಡಿನಿಂದ ಕತ್ತರಿಸುವಾಗ ಯಾರೂ ಮಾತಾಡುವಂತಿರಲಿಲ್ಲ.

ನನ್ನದು ತಡೆಯುವ ಆಟ. ಎದುರಿನವಳು ಎಷ್ಟು ಜೋರಾಗಿ ಹೊಡೆದರೂ ಬ್ಯಾಟು ಅಡ್ಡ ಹಿಡಿದು ವಾಪಸು ಕಳಿಸುವುದು. ನನ್ನ ಬ್ಯಾಟಿನ ತೆಳು ರಬ್ಬರಿಗೆ ಅದು ಹೊಂದುತ್ತಿತ್ತು. ಹನ್ನೆರಡನೆಯ ತರಗತಿಯಲ್ಲಿ ಸೇಲಂನ ಪಂದ್ಯಕ್ಕೆ ಆಯ್ಕೆಯಾದೆ. ಅಲ್ಲಿ ಗೆದ್ದವಳು ರಾಜ್ಯದ ತಂಡಕ್ಕೆ ಹೋಗುತ್ತಾಳೆ, ಆಟದ ಕೋಟಾದಲ್ಲಿ ಒಳ್ಳೆಯ ಕಾಲೇಜು ಸಿಗುತ್ತದೆ ಎಂದು ಟೀಚರ್ ನಮ್ಮ ಮನೆಗೇ ಬಂದು ಅಪ್ಪನಿಗೆ ವಿವರಿಸಿದ್ದರು. ಆದರೆ ಹೊರಡುವ ಹೊತ್ತಿಗೆ ನನ್ನ ರಬ್ಬರು ಅಂಚಿನಲ್ಲಿ ಸೀಳಿತ್ತು.

ಪಂದ್ಯದ ಹಿಂದಿನ ಸಂಜೆ ಸೇಲಂನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಗೆ ಹೋದೆವು. ಅಂಗಡಿಯವರು ಗಾಜಿನ ಮೇಲೆ ಕೆಂಪು ಕಪ್ಪು ರಬ್ಬರುಗಳನ್ನು ಹರಡಿದರು. ಹಳೆಯದರಂಥ ತೆಳುವಾದದ್ದೂ ಅಲ್ಲಿ ಇತ್ತು. ಟೀಚರ್ ಒಂದೊಂದನ್ನೇ ಒತ್ತಿ ನೋಡುತ್ತಾ ಹೋದರು. ಕೊನೆಗೆ ದಪ್ಪ ಸ್ಪಂಜಿನ ಕೆಂಪೊಂದರ ಮೇಲೆ ಅವರ ಹೆಬ್ಬೆರಳು ನಿಂತಿತು. ದೊಡ್ಡ ಪಂದ್ಯದಲ್ಲಿ ಬರೀ ತಡೆದರೆ ಸಾಲದು, ಹೊಡೆಯಲೂ ಬೇಕು ಎಂಬುದು ಅವರ ಯೋಚನೆ. "ಇದು ವಸಿ ಎದುರು ಮಾತಾಡ್ತದೆ ಅಮ್ಮಿ. ಆದ್ರೂ ನಿನ್ ಕೈಗೆ ಬಗ್ತದೆ," ಎಂದರು. ನಾನೂ ಮುಟ್ಟಿ ನೋಡಿ ತಲೆಯಾಡಿಸಿದೆ. ನನಗೂ ಅದೇ ಚೆನ್ನಾಗಿ ಕಂಡಿತ್ತು.

ಮಾರನೆಯ ದಿನ ಎಡಪ್ಪಾಡಿಯ ಹುಡುಗಿಯೊಬ್ಬಳ ಎದುರು ಸೋತೆ. ನಾನು ತಡೆದ ಚೆಂಡುಗಳು ಟೇಬಲ್ ದಾಟಿ ಹೋಗಿ ಬಿದ್ದವು. ಒಂದು ಗೇಮಿನಲ್ಲಿ ಕೈ ಸ್ವಲ್ಪ ಕೂತಿತ್ತು. ಆದರೆ ಆಮೇಲೆ ನನ್ನ ಕಣ್ಣು ಚೆಂಡು ಬಿಟ್ಟು ಸುತ್ತ ಕೂತವರ ಕಡೆಗೇ ಹೋಗುತ್ತಿತ್ತು. ಅಷ್ಟು ಜನರ ಎದುರು ನಾನು ಎಂದೂ ಆಡಿರಲಿಲ್ಲ. ಆ ಹುಡುಗಿಯೂ ಚೆನ್ನಾಗಿಯೇ ಆಡಿದಳು. ಯಾವುದರಿಂದ ಸೋತೆ ಎಂದು ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿಯದು.

ಟೀಚರಿಗೆ ಮಾತ್ರ ಅನುಮಾನವೇ ಇರಲಿಲ್ಲ. ಊರಿಗೆ ವಾಪಸು ಬರುತ್ತಾ ತೊಪ್ಪೂರು ಘಾಟಿನಲ್ಲಿ ಬಸ್ಸು ನಿಧಾನವಾಗಿ ಹತ್ತುವಾಗ, ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ನಾನೇ ಕೆಡಿಸ್ದೆ," ಎಂದರು. ಹಾಗಲ್ಲ ಟೀಚರ್ ಎಂದೆ. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ.

ಆಮೇಲೆ ಅವರು ಯಾರಿಗೂ ರಬ್ಬರು ಆರಿಸಿಕೊಡಲಿಲ್ಲ. ನನಗಿಂತ ಚಿಕ್ಕ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ಹೇಳಿದಳು: ಸೇಲಂಗೆ ಕರೆದುಕೊಂಡು ಹೋಗುತ್ತಾರಂತೆ, ಅಂಗಡಿಯ ಮೆಟ್ಟಿಲವರೆಗೆ ಬರುತ್ತಾರಂತೆ, ಒಳಗೆ ಕಾಲಿಡುವುದಿಲ್ಲವಂತೆ. ನೀವೇ ಮುಟ್ಟಿ ನೋಡಿ, ನಿಮ್ಮ ಕೈ, ನಿಮ್ಮ ಆಟ ಎಂದು ಹೇಳಿ, ಹೊರಗೆ ಟೀ ಹಿಡಿದು ನಿಂತಿರುತ್ತಾರಂತೆ. ಹೊಸ ರಬ್ಬರು ಹಾಕಿದ ಹುಡುಗಿಯನ್ನು ಎರಡು ತಿಂಗಳು ಯಾವ ಪಂದ್ಯಕ್ಕೂ ಕಳಿಸುವುದಿಲ್ಲವೆಂಬ ನಿಯಮವನ್ನೂ ಮಾಡಿಕೊಂಡಿದ್ದರು.

ನನ್ನ ಬದುಕೇನೂ ಕೆಡಲಿಲ್ಲ. ಧರ್ಮಪುರಿಯಲ್ಲೇ ಓದಿದೆ, ಮದುವೆಯಾಯಿತು, ನಾವಿಬ್ಬರೂ ಸೇರಿ ಔಷಧದ ಅಂಗಡಿ ಇಟ್ಟೆವು. ಟೀಚರ್ ನಿವೃತ್ತರಾಗಿ ತಂಗಿಯ ಜೊತೆ ಅದೇ ಊರಿಗೆ ಬಂದರು. ಬಿ.ಪಿ. ಮಾತ್ರೆಗೆ ನಮ್ಮಲ್ಲಿಗೇ ಬರುತ್ತಿದ್ದರು. ಬಂದಾಗಲೆಲ್ಲ ಮಾತ್ರೆ ಚೀಲಕ್ಕೆ ಹಾಕಿಕೊಂಡ ಮೇಲೆ ಅದೇ ಮಾತು: ಆ ತೆಳುವಾದದ್ದನ್ನೇ ತಗೋಬೇಕಿತ್ತು, ನೀನು ಎಲ್ಲೋ ಇರಬೇಕಾದವಳು, ಇಲ್ಲಿ ನಿಂತು ಮಾತ್ರೆ ಎಣಿಸ್ತಾ ಇದೀಯ. ಗಿರಾಕಿಗಳು ತಿರುಗಿ ನೋಡುತ್ತಿದ್ದರು. ನಾನು ಪ್ರತಿ ಸಲವೂ, ನಿಮ್ಮ ತಪ್ಪಲ್ಲ ಟೀಚರ್, ನಾನು ಚೆನ್ನಾಗೇ ಇದ್ದೇನೆ ಎನ್ನುತ್ತಿದ್ದೆ. ಅವರು ಪೆಚ್ಚಾಗಿ ತಲೆಯಾಡಿಸಿ ಹೋಗುತ್ತಿದ್ದರು. ಮುಂದಿನ ತಿಂಗಳು ಮತ್ತೆ ಅದೇ.

ಬರಬರುತ್ತಾ ಬೀದಿಯ ತುದಿಯಲ್ಲಿ ಅವರ ಬಿಳಿ ಬೂಟು ಕಂಡರೆ ನಾನು ಹಿಂದಿನ ಕೋಣೆಗೆ ಸರಿಯತೊಡಗಿದೆ. ನಮ್ಮ ಯಜಮಾನರು ಮಾತ್ರೆ ಕೊಟ್ಟು ಕಳಿಸುತ್ತಿದ್ದರು. "ಮಂಗಳ ಇಲ್ವಾಪ್ಪಾ?" ಎಂದು ಟೀಚರ್ ಕೇಳುವುದು ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತ ನನಗೆ ಕೇಳುತ್ತಿತ್ತು. ಇಲ್ಲ ಎಂದಾಗ ಅವರು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದರು. ಅವರು ಮೆಟ್ಟಿಲಿಳಿಯುವ ತನಕ ನಾನು ಹೊರಗೆ ಬರುತ್ತಿರಲಿಲ್ಲ. ನನ್ನನ್ನು ಟೇಬಲ್ಲಿನ ಮುಂದೆ ನಿಲ್ಲಿಸಿದವರು, ನನಗಾಗಿ ಅಪ್ಪನ ಹತ್ತಿರ ಬೇಡಿಕೊಂಡವರು. ಅವರಿಂದ ಅಡಗಿ ನಿಲ್ಲುತ್ತಿದ್ದೇನಲ್ಲ ಎಂದು ಒಳಗೇ ಚುಚ್ಚುತ್ತಿತ್ತು. ಆದರೂ ಅಡಗುತ್ತಿದ್ದೆ.

ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ ಎಂದು ತಿಳಿದಾಗ ಮಾತ್ರೆ ತಗೊಂಡು ನಾನೇ ಹೋದೆ. ಮಂಚದ ಮೇಲೆ ಬಹಳ ಸಣ್ಣಗೆ ಕಂಡರು. ತಂಗಿ ಅಡುಗೆಮನೆಯಲ್ಲಿದ್ದರು. ಕೂತು ಕ್ಷೇಮ ವಿಚಾರಿಸುವಷ್ಟರಲ್ಲೇ ಟೀಚರ್ ಶುರು ಮಾಡಿದರು. ಆ ಅಂಗಡಿ, ಆ ಗಾಜು, ಆ ದಪ್ಪ ಸ್ಪಂಜು.

ಅವತ್ತು ನಾನು ದಣಿದಿದ್ದೆ. ಅಲ್ಲ ಟೀಚರ್ ಎನ್ನಲು ಬಾಯಿ ಬರಲಿಲ್ಲ.

"ಹೌದು ಟೀಚರ್. ಆ ರಬ್ಬರಿಂದ್ಲೇ ನಾನು ಸೋತಿದ್ದು," ಎಂದೆ. "ನೀವು ಅದನ್ನ ಆರಿಸ್ಬಾರ್ದಾಗಿತ್ತು."

ಹೇಳಿದ ತಕ್ಷಣ ನಾಲಗೆ ಕಚ್ಚಿಕೊಂಡೆ. ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಮುಖದ ಬಿಗಿ ನಿಧಾನವಾಗಿ ಸಡಿಲವಾಯಿತು.

"ಇದ್ನ ಆಗ್ಲೇ ಯೋಳಕ್ ಏನಾಗಿತ್ತಮ್ಮಿ ನಿಂಗೆ?" ಎಂದರು. ಅಂಗಡಿಯ ವಿಚಾರ ಬಿಟ್ಟು, ನನ್ನ ಮಗಳು ಮನೆಯಲ್ಲಿ ಕನ್ನಡ ಆಡ್ತಾಳಾ ಎಂದು ಕೇಳಿದರು. ತಮಿಳೇ ಜಾಸ್ತಿ ಎಂದೆ. "ಸರಿ ವಿಡು," ಎಂದು ತಮಿಳಿನಲ್ಲೇ ಹೇಳಿ, "ಇಟ್ಟು ಉಂಡ್ಕಂಡು ಓಗು," ಎಂದರು. ತಂಗಿ ರಾಗಿ ಹಿಟ್ಟಿನ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ನಾನು ಉಣ್ಣುವುದನ್ನು ಟೀಚರ್ ಒರಗಿಕೊಂಡು ನೋಡುತ್ತಿದ್ದರು. ನಾನು ಅರ್ಧ ಉಂಡು ಎದ್ದೆ. ಹಾಸಿಗೆ ಹಿಡಿದವರ ಮೇಲೆ ಎಂಥ ಮಾತು ಹೊರಿಸಿಬಿಟ್ಟೆ ಎಂದು ದಾರಿಯುದ್ದಕ್ಕೂ ಅನ್ನಿಸಿತು. ಮತ್ತೆ ಹೋಗಿ ಸರಿಪಡಿಸಬೇಕೆಂದುಕೊಂಡೆ. ಅಷ್ಟರಲ್ಲಿ ಅವರು ಹೋಗಿಬಿಟ್ಟರು.

ತಿಥಿಯ ದಿನ ಅವರ ತಂಗಿಯನ್ನು ಪಕ್ಕಕ್ಕೆ ಕರೆದು, ಅವತ್ತು ನಾನು ಹೋದ ಮೇಲೆ ಅಕ್ಕ ಬಹಳ ನೊಂದುಕೊಂಡರೇ ಎಂದು ಕೇಳಿದೆ.

"ಇಲ್ಲವ್ವಾ," ಎಂದರು ಅವರು. "ಕಡೀಗೂ ಮಂಗಳ ನನ್ ಮ್ಯಾಲೆ ಸಿಟ್ಟು ಮಾಡ್ಕಂಡ್ಳು ಅಂತ ನಗ್ತಾ ಇದ್ಳು. ಅವತ್ತು ಒಟ್ಟೆ ತುಂಬ ಉಂಡ್ಳು."