ಚಿತ್ರದಲ್ಲಿ ನಾಯಿಯೂ ಇತ್ತು

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದ ಮರುವಾರ ನಾನೂ ನನ್ನ ಹೆಂಡತಿಯೂ ಮೈಸೂರಿನಿಂದ ತಮಿಳುನಾಡಿನ ಗಡಿಯೊಳಗಿನ ತಾಳವಾಡಿಗೆ ಹೋಗಿದ್ದೆವು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು, "ಮೊದಲು ನೋಡುವುದನ್ನು ಕಲಿಯಿರಿ, ಪೆನ್ಸಿಲ್ ಆಮೇಲೆ" ಎಂದು ಮಕ್ಕಳ ತಲೆ ತಿಂದು ನಿವೃತ್ತನಾದವನು ನಾನು. ಬೆಟ್ಟದ ಮೇಲೊಂದು ಚೆಂದದ ಪುಟ್ಟ ಊರಿದೆಯೆಂದು ಯಾರೋ ಹೇಳಿದ್ದೇ ಸಾಕಾಯಿತು. ಚಿತ್ರದ ಪುಸ್ತಕ ಹಿಡಿದು ಹೊರಟೆ. ಹೆಂಡತಿಯೂ ಬಂದಳು.

ಊರು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಸುತ್ತ ಬೆಟ್ಟ, ಅಂಗಡಿಗಳ ಬೋರ್ಡೆಲ್ಲ ತಮಿಳು, ಅಂಗಡಿಯೊಳಗಿನ ಜಗಳವೆಲ್ಲ ಕನ್ನಡ. ಬಸ್ ಸ್ಟಾಂಡಿನ ಎದುರು ಟೆಂಪೊಗಳಿಗೆ ಎಲೆಕೋಸು ತುಂಬುತ್ತಿದ್ದರು. ಜಗುಲಿಯೊಂದರ ಮೇಲೆ ಕೂತು ಎರಡು ಗಂಟೆ ಚಿತ್ರ ಬರೆದೆ.

ಬೆಟ್ಟದ ಕೆಳಗಿನ ಬಣ್ಣಾರಿ ಅಮ್ಮನ ಗುಡಿಯನ್ನೂ ನೋಡಿಬಿಡೋಣವೆಂದು ಸತ್ಯಮಂಗಲದ ಬಸ್ಸಿಗೆ ಕಾದಿದ್ದೆವು. ಬಸ್ಸು ಬಂದಾಗ ನಾನಿನ್ನೂ ಕೊನೆಯ ಗೆರೆಗಳಲ್ಲಿದ್ದೆ. ಪಕ್ಕದಿಂದ ಹೆಂಡತಿ ಏನೋ ಅಂದಳು. ನಾನು "ಹೂಂ" ಎಂದೆ. ನಮ್ಮ ಸಂಸಾರದಲ್ಲಿ ಅವಳ ಸಕಲ ಪ್ರಶ್ನೆಗಳಿಗೂ ನಾನು ಕೊಡುತ್ತ ಬಂದಿರುವ ಉತ್ತರ ಅದು. "ನೀನು ಮುಂದೆ ಹತ್ತು, ನಾನು ಹಿಂದೆ ಹತ್ತುತ್ತೇನೆ" ಎಂದು ಪುಸ್ತಕಕ್ಕೇ ಹೇಳಿ ಮುಚ್ಚಿಟ್ಟು ಓಡಿದೆ. ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂರುವ ಆಧುನಿಕತೆ ನಮ್ಮಲ್ಲಿಗೆ ಇನ್ನೂ ಬಂದಿಲ್ಲ. ಮುಂದೆ ಹೆಂಗಸರ ಸೀಟಿನಲ್ಲಿ ನರೆತ ತುರುಬೊಂದು ಕಂಡಿತು. ನೆಮ್ಮದಿಯಿಂದ ಎರಡು ಟಿಕೆಟ್ ತೆಗೆದು ನಿದ್ದೆಹೋದೆ.

ಹಾಸನೂರಿನಲ್ಲಿ ಬಸ್ಸು ಟೀಗೆ ನಿಂತಾಗ ಎಚ್ಚರವಾಯಿತು. ಅವಳಿಗೆ ಸಕ್ಕರೆ ಕಾಯಿಲೆ. ಊಟ, ಮಾತ್ರೆ ಯಾವುದರ ಹೊತ್ತು ತಪ್ಪಿದರೂ ತಲೆ ಸುತ್ತಿ ಬೀಳುತ್ತಾಳೆ. ಬುತ್ತಿ, ಮಾತ್ರೆ ಎರಡೂ ನನ್ನ ಚೀಲದಲ್ಲಿದ್ದವು. ಮುಂದೆ ಹೋಗಿ ತುರುಬಿನ ಹಿಂದೆ ನಿಂತು, "ತಗೋ, ಮಾತ್ರೆ ನುಂಗು" ಎಂದೆ.

ತುರುಬು ತಿರುಗಿತು. ಅದಕ್ಕೆ ಬೇರೆಯೇ ಮುಖವಿತ್ತು.

"ನಂಗ್ಯಾಕ ಸ್ವಾಮಿ ಮಾತ್ರ? ನಾ ಚೆನ್ನಾಗೇ ಇವ್ನಿ."

 ಬಸ್ಸಿನ ಒಳಗೆ, ಹೊರಗೆ, ಟೀ ಅಂಗಡಿಯ ಹಿಂದೆ ಎಲ್ಲ ನೋಡಿದೆ. ಅವಳಿಲ್ಲ. ಅವಳ ಫೋನಿಗೆ ಮಾಡಿದೆ. ಅದು ನನ್ನ ಚೀಲದೊಳಗೇ ಬಡಿದುಕೊಂಡಿತು. ನಡುವೆ ಇಷ್ಟುದ್ದ ಕಾಡು. ಆಚೆ ಯಾವ ಕಟ್ಟೆಯ ಮೇಲೆ ತಲೆ ಸುತ್ತಿ ಬಿದ್ದಿದ್ದಾಳೋ! 

"ಅಮ್ಮಾರು ತಾಳವಾಡೀಲೇ ಉಳ್ಕಂಡಿರ್ಬೇಕು ಸಾರ್," ಎಂದ ಕಂಡಕ್ಟರ್. "ಇರಿ, ಅಲ್ಲಿ ಟೀ ಅಂಗಡಿಯವ ನಮ್ಮವನೇ, ಪೋನ್ ಮಾಡ್ತೀನಿ. ಎಂಗವ್ರ, ಗುರುತು ಏಳಿ."

"ಸಾಧಾರಣ ಎತ್ತರ."

"ಬಣ್ಣ?"

"ಸಾಧಾರಣ."

"ಎಂಗುಸ್ರೆಲ್ಲಾ ಸಾಧಾರಣವೇ ಕಣ ಸ್ವಾಮಿ," ಎಂದಳು ತುರುಬಿನ ಹೆಂಗಸು. ಹೆಸರು ಸಿದ್ದಮ್ಮ, ಊರು ಪಣಕಹಳ್ಳಿಯಂತೆ. "ಉಟ್ಟಿರ ಸೀರ ಯಾವ್ದು, ಅದ ಏಳಿ."

ಕಣ್ಣು ಮುಚ್ಚಿದೆ. ಬೆಳಗಿನಿಂದ ಜೊತೆಗಿದ್ದವಳು. ಏನೋ ಒಂದು ಸೀರೆಯಂತೂ ಉಟ್ಟಿದ್ದಳು. ಅದಕ್ಕೆ ಬಣ್ಣವೂ ಇದ್ದಿರಬೇಕು. ನನಗೆ ಒಂದೂ ಹೊಳೆಯಲಿಲ್ಲ.

ಆಗ ಪುಸ್ತಕ ನೆನಪಾಯಿತು. ಬಿಚ್ಚಿದೆ. ಮೂವರೂ ಬಗ್ಗಿದೆವು. ಬೆಟ್ಟವಿತ್ತು, ಕೋಸಿನ ರಾಶಿಯಿತ್ತು, ಟೆಂಪೊ ಇತ್ತು, ಟೆಂಪೊ ನೆರಳಿನಲ್ಲಿ ಮಲಗಿದ ನಾಯಿಯಿತ್ತು, ಅದರ ಎಡಗಿವಿ ಹರಿದಿದ್ದುದೂ ಇತ್ತು.

ಸಿದ್ದಮ್ಮ ಹಾಳೆಯ ಮೇಲೆಲ್ಲ ಬೆರಳಾಡಿಸಿದಳು. "ನಾಯೂ ಅದ. ಅಮ್ಮಾರೆಲ್ಲಿ?"

"ಅವಳು ನನ್ನ ಪಕ್ಕದಲ್ಲಿದ್ದಳು. ಹಾಳೆಗೆ ಬಿಸಿಲು ಬೀಳದ ಹಾಗೆ ಕೊಡೆ ಹಿಡಿದಿದ್ದಳು."

"ಎಷ್ಟೊತ್ತು?"

"ಎರಡು ಗಂಟೆ."

ಆಕೆ ಪುಸ್ತಕವನ್ನು ಮೆಲ್ಲಗೆ ಮುಚ್ಚಿ ನನ್ನ ಕೈಗಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಂಡಕ್ಟರ್ ನಂಬರು ಹುಡುಕುತ್ತಿರುವಾಗಲೇ ಅವನ ಫೋನು ಬಡಿಯಿತು. ಟೀ ಅಂಗಡಿಯವನದೇ. ಸ್ಪೀಕರ್ ಹಾಕಿದ. "ಲೋ, ನಿನ್ ಬಸ್ಸಲ್ಲಿ ಒಬ್ರು ಯಜಮಾನ್ರು ಅವ್ರ ನೋಡ್ಲಾ. ಇಲ್ಲಿ ಅಮ್ಮಾರು ಗುರುತು ಏಳ್ತಾವ್ರ: ಕನ್ನಡಕದ ಬಲಗಡೆ ಕಡ್ಡಿಗೆ ಕರೀ ದಾರ ಸುತ್ತದ. ಬೂದಿ ಬಣ್ಣದ ಸರ್ಟು, ಮೂರ್ನೇ ಗುಂಡಿ ಮಾತ್ರ ಬಿಳೀದು. ಬಲಗೈ ಕಿರುಬೆಟ್ಟಲ್ಲಿ ಪೆನ್ಸಿಲ್ ಮಸಿ ಅದ. ಕಿಟಕಿ ಸೀಟು ಸಿಗದಿದ್ರ ಮೊಕ ಊದುಸ್ಕಂಡು ಕೂತಿರ್ತಾರಂತ. ಗಾಬ್ರಿ ಬ್ಯಾಡ ಅಂತ ಏಳು. ಬೀಪಿ ಅದಂತ ಅವ್ರ್ಗ."

ಇಡೀ ಬಸ್ಸು ನನ್ನ ಮೂರನೇ ಗುಂಡಿ ನೋಡಿತು. ಅದು ಬಿಳಿಯದೆಂದು ನನಗೂ ಆಗಲೇ ಗೊತ್ತಾದದ್ದು.

ಎದುರು ಬಂದ ಬಸ್ಸನ್ನು ಕಂಡಕ್ಟರನೇ ಕೈ ಅಡ್ಡ ಹಾಕಿ ನಿಲ್ಲಿಸಿ ನನ್ನನ್ನು ಹತ್ತಿಸಿದ. ತಾಳವಾಡಿಯಲ್ಲಿ ಅವಳು ಅಂಗಡಿಯವನ ಹೆಂಡತಿ ಕೊಟ್ಟ ರಾಗಿಮುದ್ದೆಯನ್ನು ಅರ್ಧ ಮುಗಿಸಿದ್ದಳು. "ನೀರು ತರ್ತೀನಿ ಅಂದ್ರೆ ಹೂಂ ಅಂದ್ರಲ್ರೀ," ಎಂದು ಮಾತ್ರೆಗೆ ಕೈ ಚಾಚಿದಳು. ಅಷ್ಟೇ. ಆ ವಿಷಯವನ್ನು ಇವತ್ತಿನವರೆಗೂ ಮತ್ತೆ ಎತ್ತಿಲ್ಲ.

ಬಿಟ್ಟುಹೋದದ್ದು ಒಂದು ಗಳಿಗೆಯ ಮರೆವು, ಯಾರಿಗಾದರೂ ಆಗಬಹುದು. ನೋಡದೇ ಇದ್ದದ್ದು ಹಾಗಲ್ಲ, ಅದಕ್ಕೆ ನನಗೆ ದಾಂಪತ್ಯದ ಮೂವತ್ತಾರು ವರ್ಷ ಹಿಡಿದಿತ್ತು.  ಆ ಕಂಡಕ್ಟರ್ ಎಲ್ಲಾದರೂ ಸಿಕ್ಕರೆ ಅವಳ ಗುರುತು ಹೇಳಬೇಕೆಂದಿದ್ದೇನೆ: ಬದನೆಕಾಯಿ ಬಣ್ಣದ ಸೀರೆ, ಹಳದಿ ಅಂಚು. ಎಡಗೈಯಲ್ಲಿ ನಾಲ್ಕು ಹಸಿರು ಬಳೆ, ಒಂದು ಬಿರುಕು ಬಿಟ್ಟಿದೆ. ನಗುವಾಗ ಮೊದಲು ಎಡಗಣ್ಣು ಕಿರಿದಾಗುತ್ತದೆ.